ಅಂಗೈ ಮೇಲಿನ ನಡುಕ

ಜುಲೈ 6, ಭಾನುವಾರ

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ತ್ರಿಪುರಾಂತ ಕೆರೆಯ ಮೆಟ್ಟಿಲ ಮೇಲೆ ಕೂತು ಇಷ್ಟಲಿಂಗ ಪೂಜೆ ಮಾಡುತ್ತಿದ್ದೆ. ಎಡ ಅಂಗೈ ಮೇಲೆ ಲಿಂಗ. ಅಂಗೈ ನಡುಗಲು ಶುರುವಾಯಿತು. ಬಿಗಿ ಹಿಡಿಯಬೇಕೆಂದರೆ ಬೆರಳು ಮಾತು ಕೇಳಲಿಲ್ಲ. ಲಿಂಗ ಜಾರಿ, ಟಕ್ ಟಕ್ ಎಂದು ಒಂದೊಂದೇ ಮೆಟ್ಟಿಲು ಇಳಿದು ನೀರಿಗೆ ಬಿತ್ತು. ಬಗ್ಗಿ ಕೈ ಹಾಕಿದರೆ ನೀರೊಳಗಿಂದ ಕೂಸು ಅಳುವ ಸಪ್ಪಳ. ಎದ್ದವಳೇ ಎದೆ ಮುಟ್ಟಿ ನೋಡಿಕೊಂಡೆ. ಶಿವದಾರ ಇತ್ತು, ಕರಡಿಗೆ ಇತ್ತು, ಬಿಚ್ಚಿ ನೋಡಿದರೆ ಲಿಂಗವೂ ಇತ್ತು. ಎದೆ ಮಾತ್ರ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು.

ಕನಸು ಹೇಳಲು ಹೋದರೆ ಮನೆಯವರು ಈ ಡೈರಿ ಕೈಗಿಟ್ಟರು. ಬೀಜದ ಕಂಪನಿಯವರು ಅಂಗಡಿಗೆ ಪುಕ್ಕಟೆ ಕೊಟ್ಟಿದ್ದು. ನಿನ್ನ ಫಿಕರೆಲ್ಲ ಇದರಾಗ ಬರಿ, ನನಗ ಗಿರಾಕಿ ನಿಂತಿರ್ತಾರ ಎಂದರು. ಪ್ರತಿ ಹಾಳೆಯ ಕೆಳಗೆ ತೊಗರಿಗೆ ಏನು ಹೊಡೆಯಬೇಕು ಎಂದು ಅಚ್ಚಾಗಿದೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರ ತಪ್ಪಿದರೆ ತೊಗರಿ ಬೆಳೆ ಏನೂ ಅನ್ನುವುದಿಲ್ಲ.

ಕನಸು ಸುಮ್ಮನೆ ಬಿದ್ದದ್ದಲ್ಲ. ಪೂಜೆಗೆ ಕೂತಾಗ ಅಂಗೈ ನಡುಗಲು ಶುರುವಾಗಿ ಎರಡು ತಿಂಗಳಾಯಿತು. ಮೂರು ಜನರ ಊಟ ಒಬ್ಬಳೇ ಉಣ್ಣುತ್ತೇನೆ, ಆದರೂ ಕುಪ್ಪಸ ಸಡಿಲಾಗುತ್ತಿದೆ. ಓಣಿಯವರು ಯಾವ ಪುಡಿ ಕುಡಿದು ಸಣ್ಣಗಾದೆ ಎಂದು ಕೇಳುತ್ತಾರೆ. ಫ್ಯಾನಿನ ಕೆಳಗೆ ಕೂತರೂ ಬೆವರು. ಹೋದ ತಿಂಗಳು ಬಸುರಿ ಮಗಳು ರೂಪಾಲಿಯ ಐದನೇ ತಿಂಗಳ ಕುಬಸದ ಶಾಸ್ತ್ರಕ್ಕೆ ಹುಮನಾಬಾದಿಗೆ ಹೋದಾಗ ಬೀಗತಿ ಚಹಾ ಕೊಟ್ಟರು. ಕಪ್ಪು ಬಸಿಯ ಮೇಲೆ ಗಿಲಿಗಿಲಿ ಎಂದು ಚಹಾ ಅರ್ಧ ಸೀರೆಗೆ ಬಿತ್ತು. ಬೀಗತಿ ಒರೆಸುವ ಬಟ್ಟೆ ತಂದು ಕೊಟ್ಟರು. ಹೊರಡುವಾಗ ಮಾತ್ರ ಮೆತ್ತಗೆ ಹೇಳಿದರು.

“ಚೊಚ್ಚಲ ಬಾಣಂತನ ತವರು ಮನ್ಯಾಗ ಅಂತಾರ ಖರೇ. ಆದ್ರ ಕೂಸಿಗಿ ನೀರ ಹಾಕಾಕ ಕೈ ಗಟ್ಟಿ ಬೇಕಲ್ರಿ. ನಾವು ಇಲ್ಲೇ ಮಾಡಿಕೊಂಡ್ರ ಹ್ಯಾಂಗ್ರಿ?”

ಆ ಮಾತು ಅವತ್ತಿನಿಂದ ಹೊಟ್ಟೆಯಲ್ಲಿ ಕೂತಿದೆ. ನನಗೆ ಇರುವುದು ಒಬ್ಬಳೇ ಮಗಳು. ಅವಳ ಕೂಸಿಗೆ ನನ್ನ ಕಾಲ ಮೇಲೆ ಮಲಗಿಸಿ ನೀರು ಹಾಕದಿದ್ದರೆ ನಾನು ಎಂಥ ಅವ್ವ. ಹಾಕಲು ಹೋಗಿ ಕೈ ಜಾರಿದರೆ? ಬರೆಯುವಾಗಲೇ ಬೆವರು ಬಂತು.

ಜುಲೈ 10, ಗುರುವಾರ

ಹುಮನಾಬಾದಿನ ಡಾಕ್ಟರ್ ಸ್ನೇಹಲ್ ಬಾಯಿ ರಕ್ತದ ವರದಿ ನೋಡಿದರು. ರೂಪಾಲಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಅಷ್ಟೆ. ನನ್ನ ಎರಡೂ ಕೈ ಮುಂದೆ ಚಾಚಿಸಿ ಅದರ ಮೇಲೆ ಒಂದು ಕಾಗದ ಇಟ್ಟರು. ಕಾಗದ ಗಾಳಿಪಟದ ಹಾಗೆ ಅಲುಗಿತು. ಕೊರಳಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆಯಂತೆ, ಅದು ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದೆಯಂತೆ.

“ಟಾಕಿ ತುಂಬಿದ ಮ್ಯಾಲೂ ಮೋಟಾರ್ ಬಂದ್ ಮಾಡ್ಲಿಲ್ಲಂದ್ರ ಏನಾಗ್ತದ್ರಿ ಅಮ್ಮಾ? ಅದೇ ನಡದದ ನಿಮ್ಮ ಕೊರಳಾಗ.”

ಗುಳಿಗೆ ಬೇಡ, ಪಥ್ಯ ಹೇಳಿರಿ, ಎಷ್ಟು ಕಠಿಣ ಇದ್ದರೂ ಮಾಡುತ್ತೇನೆ ಎಂದೆ. ಗುಳಿಗೆ ಅಂದರೆ ನನಗೆ ಮೊದಲಿನಿಂದ ಭಯ. ಡಾಕ್ಟರ್ ನಕ್ಕರು. ಪಥ್ಯ ಗುಳಿಗೆಯ ಸಂಗಾಟ ಇರಲಿ, ಗುಳಿಗೆಯ ಬದಲಿ ಬೇಡ ಎಂದರು. ನಡುಕವನ್ನು ಬೇಗ ತಡೆಯುವ ಇನ್ನೊಂದು ಗುಳಿಗೆ ಇದೆಯಂತೆ, ಆದರೆ ನನಗೆ ಚಿಕ್ಕಂದಿನಿಂದ ದಮ್ಮಿನ ಬೇನೆ ಇರುವುದರಿಂದ ಅದನ್ನು ಕೊಡಲಿಲ್ಲ. ಹಾಗಾಗಿ ಕೈ ನಿಲ್ಲಲು ಒಂದೂವರೆ ಎರಡು ತಿಂಗಳು ಕಾಯಬೇಕು.

ಚಹಾ ಬಿಡಬೇಕು. ಕಾಫಿಯ ಮಾತೇ ಇಲ್ಲ. ಈ ಬೇನೆ ಎಲುಬಿನ ಸುಣ್ಣ ತಿನ್ನುತ್ತದಂತೆ, ಅದಕ್ಕೆ ಹಾಲು, ಮೊಸರು, ಎಳ್ಳು, ಮೆಂತ್ಯದಂಥ ತಪ್ಪಲು ಪಲ್ಯ ಜಾಸ್ತಿ ಉಣ್ಣಬೇಕು. ಅಡುಗೆಯ ಉಪ್ಪು ಇದ್ದಷ್ಟೇ ಇರಲಿ. ಯಾರಾದರೂ ಪುಡಿ, ಟಾನಿಕ್ಕು ಕೊಟ್ಟರೆ ಬಾಯಿಗೆ ಹಾಕುವ ಮೊದಲು ಕೇಳಬೇಕು. ಜ್ವರ ಅಥವಾ ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ ಅವತ್ತೇ ಬರಬೇಕು, ರಕ್ತ ನೋಡಬೇಕಾಗುತ್ತದೆ. ಈ ಕೊನೆಯ ಮಾತನ್ನು ಅವರು ಯಾಕೆ ಹೇಳಿದರೋ. ಬಸ್ಸಿನಲ್ಲಿ ಕೂತಾಗಿನಿಂದ ಗಂಟಲು ನುಂಗಿ ನುಂಗಿ ನೋಡುತ್ತಿದ್ದೇನೆ. ನಮ್ಮೂರ ಕ್ರಾಸು ಸಸ್ತಾಪುರ ಬಂಗ್ಲಾ ಬರುವ ಹೊತ್ತಿಗೆ ನುಂಗಿದ್ದಕ್ಕೇ ನೋವು ಬಂತು.

ಜುಲೈ 11

ಚಹಾ ಇಲ್ಲ. ತಲೆ ಸಿಡಿಯುತ್ತಿದೆ. ಮನೆಯವರು ಅಂಗಡಿಯಲ್ಲಿ ಚಹಾಪುಡಿ ತೂಗಿ ಅದೇ ಕೈಯಲ್ಲಿ ಊಟಕ್ಕೆ ಬಂದರು. ಕೈ ತೊಳೆದು ಬರ್ರಿ ಎಂದು ಜಗಳ ತೆಗೆದೆ.

ಜುಲೈ 17, ಗುರುವಾರ

ಸುದ್ದಿ ಓಣಿ ತುಂಬ ಆಗಿದೆ. ಒಬ್ಬರು ಹಸಿ ಪತ್ತಾಗೋಬಿ, ಅದೇ ಎಲೆಕೋಸು, ತಿನ್ನು, ಗ್ರಂಥಿ ತಣ್ಣಗಾಗುತ್ತದೆ ಎಂದರು. ಇನ್ನೊಬ್ಬರು ಪತ್ತಾಗೋಬಿ ಮುಟ್ಟಲೇಬೇಡ, ಅದು ವಿಷ ಎಂದರು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವುದರೊಳಗೆ ಪತ್ತಾಗೋಬಿ ಅಮೃತವೂ ಆಯಿತು, ವಿಷವೂ ಆಯಿತು. ನಾನು ಮಧ್ಯದ ದಾರಿ ಹಿಡಿದು ಬೇಯಿಸಿ ಪಲ್ಯ ಮಾಡುತ್ತಿದ್ದೇನೆ. ನಾಲ್ಕನೇ ದಿನ ಮನೆಯವರು ತಾಟು ನೋಡಿ, ಬೇನೆ ನಿನಗೋ ನನಗೋ ಎಂದು ಕೇಳಿದರು.

ಮುಡಬಿಯಿಂದ ತಮ್ಮ ಓಂಪ್ರಕಾಶ ಬಂದಿದ್ದ. ಫೋನಿನಲ್ಲಿ ನೋಡಿ ತರಿಸಿದ ಹಸಿರು ಪುಡಿಯ ಡಬ್ಬಿ ಕೊಟ್ಟ. ಸಮುದ್ರದ ಪಾಚಿಯಂತೆ, ಪೂರಾ ನೈಸರ್ಗಿಕವಂತೆ, ಥೈರಾಯ್ಡಿಗೆ ಇದಕ್ಕಿಂತ ಮಿಗಿಲಾದ್ದು ಇಲ್ಲವಂತೆ. ಅವನ ಮುಂದೆಯೇ ಒಂದು ಚಮಚ ಬಾಯಿಗೆ ಹಾಕಬೇಕು ಎಂದು ಕೂತ. ನನಗೆ ಧೈರ್ಯ ಬರಲಿಲ್ಲ. ಸಮುದ್ರದಲ್ಲಿ ಏನೇನಿರುತ್ತದೋ, ನಮ್ಮ ಕಡೆ ಸಮುದ್ರವೇ ಇಲ್ಲ. ನಾಳೆ ಬೆಳಿಗ್ಗೆ ಹಾಲಿನ ಜೊತೆ ಕುಡಿಯುತ್ತೇನೆ ಎಂದು ಹೇಳಿ ಕಳಿಸಿ, ಡಾಕ್ಟರ್‌ಗೆ ಫೋನು ಮಾಡಿದೆ. ಅದರಲ್ಲಿ ಅಯೋಡಿನ್ ರಾಶಿ ಇರುತ್ತದೆ, ತುಂಬಿ ಹರಿಯುವ ಟಾಕಿಗೆ ಇನ್ನೊಂದು ಮೋಟಾರ್ ಕೂಡಿಸಿದ ಹಾಗೆ ಆಗುತ್ತದೆ, ಮುಟ್ಟಬೇಡಿರಿ ಎಂದರು. ಡಬ್ಬಿ ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋಯಿತು. ಈಗ ಕರಿಬೇವು ಒಣಗಿದರೆ ಹೇಗೆ ಎಂಬ ಚಿಂತೆ.

ಜುಲೈ 28, ಶ್ರಾವಣದ ಮೊದಲ ಸೋಮವಾರ

ಇವತ್ತು ಆಗಬಾರದ್ದು ಆಯಿತು. ಎಲ್ಲಿಂದ ಬರೆಯಲಿ.

ಹೆಂಗಸರ ಸಂಘ ಅಕ್ಕನ ಬಳಗದಲ್ಲಿ ಶ್ರಾವಣ ಸೋಮವಾರ ಎಲ್ಲರೂ ಒಟ್ಟಿಗೆ ಕೂತು ಇಷ್ಟಲಿಂಗ ಪೂಜೆ ಮಾಡುವುದು ನಮ್ಮ ಕಲ್ಯಾಣದಲ್ಲಿ ಮೊದಲಿನಿಂದ ಇದೆ. ಲಿಂಗ ಬಿದ್ದರೆ ಗತಿ ಏನು ಎಂದು ನಾನು ಹೋಗುವುದೇ ಬೇಡ ಅಂದುಕೊಂಡಿದ್ದೆ. ಬಿಟ್ಟರೆ ಅದಕ್ಕೂ ಏನಾದರೂ ಆದೀತು ಎಂದು ಹೋದೆ. ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು, ಮಡಿಲಲ್ಲಿ ದಪ್ಪನೆಯ ಟವೆಲ್ ಹಾಸಿಕೊಂಡು ಕೂತೆ. ಬಿದ್ದರೂ ಮೆತ್ತಗೆ ಬೀಳಲಿ ಎಂದು.

ವಿಭೂತಿ ಹಚ್ಚಿ, ಪತ್ರಿ ಏರಿಸಿ, ಎಲ್ಲರೂ ಲಿಂಗದ ಮೇಲೆ ದೃಷ್ಟಿ ಇಟ್ಟರು. ಸುತ್ತಲೂ ಎಲ್ಲರ ಅಂಗೈ ಕಲ್ಲಿನ ಹಾಗೆ ನಿಂತಿತ್ತು. ನನ್ನದು ಮಾತ್ರ ಪತ್ರಿಯ ಸಮೇತ ಥರಥರ. ನಾನು ಕಣ್ಣು ಪಿಳುಕಿಸದೆ ನೋಡಿದೆ. ಭಕ್ತಿಯಿಂದಲ್ಲ, ಬಿದ್ದೀತು ಎಂಬ ಭಯದಿಂದ. ಬೆವರು, ಕಣ್ಣಲ್ಲಿ ನೀರು, ಎದೆ ಡಬಡಬ.

ಬಳಗದ ಹಿರಿಯರಾದ ಸುಗಲಾಬಾಯಿ ಅವರ ಕಣ್ಣಿಗೆ ಅದು ಬಿತ್ತು. ಪೂಜೆ ಮುಗಿದ ಮೇಲೆ ಸೀದಾ ನನ್ನ ಹತ್ತಿರ ಬಂದು ಬಗ್ಗಿ ಶರಣಾರ್ಥಿ ಅಂದರು. ನಾನು ಎದ್ದು ನಿಲ್ಲಲು ಹೋಗಿ ಟವೆಲ್ಲಿಗೆ ಕಾಲು ಸಿಕ್ಕಿ ಮತ್ತೆ ಕೂತೆ.

“ಇಷ್ಟ್ ವರ್ಷ ನಾ ಕುಂತೀನಿ ಶಕುಂತಲಾಬಾಯಿ, ನನ್ನ ಲಿಂಗ ಒಮ್ಮಿನೂ ಮಿಸುಕಿಲ್ಲ. ನಿಮ್ಮ ಕೈಯಾಗ ಜೀವ ಬಂದು ಕುಣ್ಯಾಕತ್ತದ.”

ಅದು ಥೈರಾಯ್ಡ್‌ರಿ ಎಂದೆ. ದೊಡ್ಡ ಸ್ಥಿತಿಗೆ ಏರಿದವರು ಹೀಗೆಯೇ ಮುಚ್ಚಿಡುತ್ತಾರೆ ಎಂದು ಅವರು ಉಳಿದವರ ಕಡೆ ತಿರುಗಿ ಹೇಳಿದರು. ಇಬ್ಬರು ನನ್ನ ಸೀರೆಯ ಸೆರಗು ಕಣ್ಣಿಗೆ ಒತ್ತಿಕೊಂಡರು. ಸೆರಗಿಗೆ ಪತ್ತಾಗೋಬಿ ಒಗ್ಗರಣೆಯ ವಾಸನೆ ಇತ್ತು.

ಆಗಸ್ಟ್ 4, ಸೋಮವಾರ

ಇವತ್ತು ಮುಂದಿನ ಸಾಲಿನಲ್ಲಿ ನನಗೆ ಬೇರೆ ಮಣೆ. ಬೇಡವೆಂದರೆ ಕೇಳುವವರಿಲ್ಲ. ಕೈ ನಡುಗಿತು, ನೋಡುವವರು ಇದ್ದಾರೆ ಎಂದು ಇನ್ನಷ್ಟು ನಡುಗಿತು. ನಾರಾಯಣಪುರದಿಂದ ಬಂದ ಒಬ್ಬಾಕೆ ಮಗುವಿನ ಕೆಮ್ಮಿಗೆ ತಲೆ ಮೇಲೆ ಕೈ ಇಡಿ ಎಂದಳು. ಇಟ್ಟೆ. ನನ್ನ ಕೈ ನಡುಗಿ ಮಗುವಿನ ತಲೆಯೂ ನಡುಗಿತು, ಅದು ಆಟ ಎಂದುಕೊಂಡು ಕಿಲಕಿಲ ನಕ್ಕಿತು. ಕೆಮ್ಮಿಗೆ ಡಾಕ್ಟರ್‌ಗೆ ತೋರಿಸು ತಂಗೀ ಎಂದೆ. ಶರಣರ ಅಪ್ಪಣೆ ಎಂದು ನನ್ನ ಕೈ ಕಣ್ಣಿಗೆ ಒತ್ತಿಕೊಂಡು ಹೋದಳು.

ಮನೆಗೆ ಬಂದು ಹೇಳಿದರೆ ಮನೆಯವರು ಗಲ್ಲಾಪೆಟ್ಟಿಗೆ ಮೇಲೆ ತಲೆ ಇಟ್ಟು ನಕ್ಕರು. “ಅಂಗಡಿ ಬೋರ್ಡ್ ಇಳಿಸಿ ನಿನ್ನ ಫೋಟೋ ಏರಿಸಲೇನು?”

ನಗುವ ಮಾತಲ್ಲ ಇದು. ದೇವರ ಹೆಸರಿನಲ್ಲಿ ಸುಳ್ಳು. ನಾನು ಸುಳ್ಳು ಹೇಳಲಿಲ್ಲ, ಆದರೆ ಮಣೆಯ ಮೇಲೆ ಕೂತೆನಲ್ಲ. ಇನ್ನೊಂದು ಮಾತು ಇಲ್ಲಿ ಮಾತ್ರ ಬರೆಯುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಒಳಗೆ ಬಂದರೆ ಯಾರೂ ಎದ್ದು ನಿಂತಿದ್ದಿಲ್ಲ. ಇವತ್ತು ಎದ್ದರು. ಚೆನ್ನಾಗಿತ್ತು.

ಆಗಸ್ಟ್ 9, ಶನಿವಾರ

ರೂಪಾಲಿ ಫೋನು ಮಾಡಿದ್ದಳು. ಕಲ್ಯಾಣದ ಸುದ್ದಿ ಹುಮನಾಬಾದಿಗೆ ಹೋಗಲು ಎಷ್ಟು ಹೊತ್ತು. ಅವಳ ಅತ್ತೆಯ ಕಿವಿಗೂ ಬಿದ್ದಿದೆ.

“ಅವ್ವಾ, ನಮ್ಮ ಅತ್ತಿ ಏನಂದ್ರು ಗೊತ್ತದೇನು? ಅಂಥಾ ಕೈಯಾಗ ಮೊಮ್ಮಗು ಬೆಳೀಬೇಕು, ಬಾಣಂತನ ಅಲ್ಲೇ ಆಗ್ಲಿ ಅಂದ್ರು. ನೀ ಏನ್ ಮಾಡ್ದಿ?”

ನಾನು ಏನೂ ಮಾಡಲಿಲ್ಲ ಮಗಳೆ, ಕೈ ತಾನೇ ನಡುಗಿತು. ಅದನ್ನು ಅವಳಿಗೆ ಹೇಳಲಿಲ್ಲ. ಯಾವ ನಡುಕದಿಂದ ಕೂಸು ಸಿಗುವುದಿಲ್ಲ ಎಂದಿದ್ದರೋ, ಅದೇ ನಡುಕದಿಂದ ಈಗ ಸಿಗುತ್ತದೆ. ನಡುಕ ನಿಂತರೆ ಬೀಗತಿ ಮನಸ್ಸು ಬದಲಿಸಿದರೆ? ನಿಲ್ಲದಿದ್ದರೆ ಕೂಸನ್ನು ಹಿಡಿಯುವುದು ಯಾವ ಕೈಯಲ್ಲಿ?

ಸಂಜೆ ಸುಗಲಾಬಾಯಿ ಬಂದರು. ಹದಿನೆಂಟಕ್ಕೆ ಕಡೆಯ ಸೋಮವಾರ, ದೊಡ್ಡ ಪೂಜೆ, ಹೊರಗಿನವರು ಬರುತ್ತಾರೆ. ಅಲ್ಲಿಯ ತನಕ ಆ ಗುಳಿಗೆ ನಿಲ್ಲಿಸಿದರೆ ಹೇಗೆ, ಔಷಧಿ ಸ್ಥಿತಿಯನ್ನು ಇಳಿಸುತ್ತದೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಮಗೆ ಸಿಗದ್ದು ನನಗೆ ಸಿಕ್ಕಿದೆ ಎಂಬ ಸಂತೋಷದಲ್ಲಿ ಹೇಳಿದ್ದು.

ಗುಳಿಗೆಯ ಪಟ್ಟಿ ಕೈಯಲ್ಲಿ ಹಿಡಿದು ಕೂತೆ. ನಿಲ್ಲಿಸಿದರೆ ಏನಾಗುತ್ತದೋ ಎಂಬ ಭಯ, ತೆಗೆದುಕೊಂಡರೆ ಏನಾಗುತ್ತದೋ ಎಂಬ ಭಯ. ಎರಡನ್ನೂ ತೂಗಿದೆ. ಕನಸಿನಲ್ಲಿ ನೀರೊಳಗೆ ಅತ್ತ ಕೂಸು ನೆನಪಾಯಿತು. ನುಂಗಿಬಿಟ್ಟೆ.

ಆಗಸ್ಟ್ 18, ಕಡೆಯ ಸೋಮವಾರ

ಬರೆಯುವುದು ಬಹಳ ಇದೆ.

ಬೀಗತಿ ಬಂದಿದ್ದರು. ಹುಮನಾಬಾದಿನಿಂದ ಬೆಳಗಿನ ಬಸ್ಸಿಗೆ ಕಾಯಿ, ಊದಿನಕಡ್ಡಿ ಹಿಡಿದುಕೊಂಡು, ನನ್ನ ಅಂಗೈ ನೋಡಲೆಂದೇ. ಮುಂದಿನ ಸಾಲು, ಮಣೆ, ಎದುರಿಗೆ ಅವರು. ಲಿಂಗ ಅಂಗೈಗೆ ತೆಗೆದುಕೊಂಡೆ. ಪತ್ರಿ ಏರಿಸಿದೆ. ದೃಷ್ಟಿ ಇಟ್ಟೆ.

ಲಿಂಗ ಸುಮ್ಮನೆ ಕೂತಿತ್ತು.

ಪತ್ರಿಯ ತುದಿ ಅಷ್ಟಿಷ್ಟು ಅಲುಗಿತು, ಅಷ್ಟೆ. ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಸುಗಲಾಬಾಯಿ ಕತ್ತು ಉದ್ದ ಮಾಡಿ ನೋಡಿದರು. ನನ್ನ ಮನಸ್ಸಿಗೆ ಆಗ ಬಂದದ್ದೇನು? ಸ್ವಲ್ಪ ನಾನೇ ಅಲುಗಿಸಿದರೆ ಎಂದು. ಒಂದೇ ಒಂದು ಸಣ್ಣ ಅಲುಗಾಟ, ಬೀಗತಿಯ ಸಲುವಾಗಿ. ಕಿರುಬೆರಳು ಎತ್ತಿಯೂ ಎತ್ತಿದೆ. ಅಲುಗಿಸಲು ಹೋಗಿ ಬೀಳಿಸಿಕೊಂಡರೆ ಎಂಬ ಭಯ ಬಂದು ಬೆರಳನ್ನು ಇಳಿಸಿಕೊಂಡೆ. ನನ್ನ ಭಯ ನನ್ನನ್ನು ಯಾವಾಗಲೂ ಕಾಡಿದೆ. ಇವತ್ತು ಅದೇ ನನ್ನ ಮರ್ಯಾದೆ ಉಳಿಸಿತೋ ಏನೋ.

ಇವತ್ತು ಯಾಕೋ ಸ್ಥಿತಿ ಬರಲಿಲ್ಲ ಎಂದು ಸುಗಲಾಬಾಯಿ ಎಲ್ಲರಿಗೂ ಸಮಾಧಾನ ಹೇಳಿದರು. ನಾನು ಬೀಗತಿಯನ್ನು ಮನೆಗೆ ಕರೆದುಕೊಂಡು ಬಂದೆ. ಅವರಿಗೆ ಚಹಾ ಮಾಡಿ ಕೊಟ್ಟು, ಎದುರಿಗೆ ಕೂತು ಹೇಳಿಯೇಬಿಟ್ಟೆ.

“ಬೀಗತ್ಯಾರ, ನನ್ನ ಕೈಯಾಗ ಯಾವ ಸ್ಥಿತಿನೂ ಬಂದಿದ್ದಿಲ್ರಿ. ಕೊರಳಾಗಿನ ಬೇನಿ ಅದು. ನಿಮ್ಮನ್ಯಾಗ ಚಹಾ ಚೆಲ್ಲಿದ್ನಲ್ಲ, ಅದೇ ನಡುಕ. ಈಗ ಗುಳಗಿಗಿ ಇಳ್ಯಾಕತ್ತದ. ರೂಪಾನ ಕಳಸೂದು ಬಿಡೂದು ನಿಮಗ ಬಿಟ್ಟದ್ದು.”

ಅವರು ಬಸಿಗೆ ಚಹಾ ಸುರಿದುಕೊಂಡು ನಿಧಾನವಾಗಿ ಕುಡಿದರು. ನನಗೆ ಆ ಚಹಾದ ವಾಸನೆಯೂ ಬರಲಿಲ್ಲ.

“ಕೈಮುಗೀಲಿಕ್ಕ ನಡುಗೋ ಕೈ ಆದ್ರೂ ನಡೀತದ್ರಿ,” ಎಂದರು ಕೊನೆಗೆ. “ಕೂಸಿಗಿ ನಿಂತ ಕೈ ಬೇಕು. ಎಂಟನೇ ತಿಂಗಳದಾಗ ಬಸರಿನ ಕಳಸಾಂಗಿಲ್ಲ. ಒಂಬತ್ತು ಹತ್ತಿದ ಮ್ಯಾಲ, ದಸರಾಕ್ಕ ನಾನೇ ಬರ್ತೀನಿ. ಅವಾಗ ನೋಡೂಣು.”

ಕಾಯಿಯನ್ನು ವಾಪಸು ಒಯ್ಯಲಿಲ್ಲ, ಅಡುಗೆಮನೆಯಲ್ಲಿ ಇಟ್ಟು ಹೋದರು. ಅದರ ಅರ್ಥ ಏನು? ಒಳ್ಳೆಯದೋ ಕೆಟ್ಟದ್ದೋ?

ಸೆಪ್ಟೆಂಬರ್ 3

ಡಾಕ್ಟರ್ ರಕ್ತ ನೋಡಿ ಒಳ್ಳೆ ದಾರಿಗೆ ಬಂದಿದೆ ಎಂದರು. ಆದರೆ ಚಲೋ ಆಯಿತೆಂದು ಗುಳಿಗೆ ನಿಲ್ಲಿಸಬಾರದು, ವರ್ಷಕ್ಕಿಂತ ಹೆಚ್ಚೇ ನಡೆಯಬಹುದು. ಪತ್ತಾಗೋಬಿಯ ಮಾತೂ ಕೇಳಿದೆ. ಬೇಯಿಸಿ ಬೇರೆ ಪಲ್ಯದ ಹಾಗೆ ಉಣ್ಣಿರಿ, ಅದರಿಂದ ಬೇನೆ ಹೋಗುವುದೂ ಇಲ್ಲ, ಬರುವುದೂ ಇಲ್ಲ ಎಂದರು. ಮನೆಯವರಿಗೆ ಹೇಳಿದ್ದೇ ತಡ, ಸಂಜೆ ಸಂತೆಯಿಂದ ಬದನೆಕಾಯಿ ತಂದರು.

ಸೆಪ್ಟೆಂಬರ್ 12, ಶುಕ್ರವಾರ

ಗಂಟಲು ನೋವು. ಇದೇ ಅದು. ಕನ್ನಡಿ ಮುಂದೆ ಬಾಯಿ ತೆರೆದು ಬ್ಯಾಟರಿ ಹಾಕಿ ನೋಡಿದೆ, ಕೆಂಪಗಿತ್ತು. ಮನೆಯವರು ಅಂಗಡಿ ಮುಚ್ಚಿ ಹುಮನಾಬಾದಿಗೆ ಕರೆದುಕೊಂಡು ಹೋದರು. ಬಂದದ್ದು ಒಳ್ಳೆಯದೇ ಆಯಿತು, ಹೀಗೇ ಬರಬೇಕು ಎಂದು ಡಾಕ್ಟರ್ ರಕ್ತ ತೆಗೆಸಿದರು. ಸಾಯಂಕಾಲಕ್ಕೆ ಎಲ್ಲ ಸರಿ ಇದೆ ಎಂದು ಬಂತು. ಹಾಗಾದರೆ ನೋವು ಯಾಕೆ? ಮನೆಯವರು ನೆನಪು ಮಾಡಿಕೊಟ್ಟರು. ನಿನ್ನೆ ಹಿತ್ತಲಿಗೆ ನುಗ್ಗಿದ ಎಮ್ಮೆ ಕರಿಬೇವು ತಿಂದಿತೆಂದು ಅದರ ಮಾಲಕನ ಜೊತೆ ಒಂದು ತಾಸು ಕೂಗಾಡಿದ್ದೆ. ಕರಿಬೇವು ಈ ಸಲ ಎಂದೂ ಇಲ್ಲದ ಹಾಗೆ ಚಿಗುರಿತ್ತು.

ಸೆಪ್ಟೆಂಬರ್ 20

ಕುಪ್ಪಸಗಳೆಲ್ಲ ಬಿಗಿ ಆಗಿವೆ. ಹೊಸ ಸೋಪಿಗೆ ಬಟ್ಟೆ ಸಣ್ಣಗಾಗುತ್ತದೆ ಎಂದು ಕಾಣುತ್ತದೆ. ಮನೆಯವರಿಗೆ ಆ ಸೋಪು ಮಾರಬೇಡಿರಿ ಎಂದೆ.

ಬೆಳಿಗ್ಗೆ ಕೋಟೆಯ ತನಕ ನಡೆಯುತ್ತೇನೆ. ಚಹಾ ನೆನಪಾಗುತ್ತದೆ, ಆದರೆ ಜಗಳ ತೆಗೆಯುವಷ್ಟಲ್ಲ.

ಸೆಪ್ಟೆಂಬರ್ 26

ಬರೆಯಲು ಏನೂ ಇಲ್ಲ. ಎದ್ದಾಗ ಬಿಸಿಲು ಬಂದಿತ್ತು. ಇಷ್ಟು ಹೊತ್ತು ಮಲಗಿದ್ದೇಕೆ ಎಂದು ಮನೆಯವರು ಮೂಗಿನ ಮುಂದೆ ಕೈ ಹಿಡಿದು ಉಸಿರು ನೋಡಿದರಂತೆ. ಈಗ ನಿದ್ದೆಯ ಬೇನೆ ಶುರುವಾಯಿತೇ?

ಅಕ್ಟೋಬರ್ 2, ದಸರಾ

ಬೀಗತಿ ಬಂದರು. ರೂಪಾಲಿ ಜೊತೆಗಿಲ್ಲ. ಬಾಗಿಲಲ್ಲಿ ಅವರೊಬ್ಬರನ್ನೇ ಕಂಡು ಅವರ ಹಿಂದೆ ಓಣಿಯನ್ನೆಲ್ಲ ಇಣುಕಿ ನೋಡಿದೆ. ಕಳಿಸುವುದಿಲ್ಲ ಎಂದು ಹೇಳಲು ಬಂದಿದ್ದಾರೆ ಎಂದುಕೊಂಡೆ. ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೂಣು ಎಂದರು, ಕೂತರು, ನನ್ನನ್ನೇ ನೋಡುತ್ತ ಕೂತರು.

ಆ ಹೊತ್ತಿಗೆ ಸುಗಲಾಬಾಯಿ ಬಳಗದ ನಾಲ್ಕು ಜನರನ್ನು ಕರೆದುಕೊಂಡು ಬನ್ನಿ ಕೊಡಲು ಬಂದರು. ಬೀಗರು, ಬಳಗದವರು, ಎಲ್ಲರಿಗೂ ಒಂದೇ ಸಲ ಚಹಾ ಆಗಬೇಕು. ನನಗೆ ಅಡುಗೆಮನೆಯಲ್ಲಿ ತಲೆ ಕೆಟ್ಟು ಹೋಯಿತು. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ, ರುಚಿ ನೋಡೋಣವೆಂದರೆ ನಾನು ಚಹಾ ಬಿಟ್ಟವಳು. ಹೋಳಿಗೆ ಒಂದು ಕಡೆ ಸೀದಿತ್ತು. ಸೀದ ಬದಿ ಕೆಳಗೆ ಮಾಡಿ ತಾಟಿಗೆ ಹಾಕಿದೆ. ಏಳು ಕಪ್ಪು ಬಾಯಿ ತನಕ ತುಂಬಿ ದೊಡ್ಡ ತಾಟಿನಲ್ಲಿ ಇಟ್ಟು, ಸಕ್ಕರೆಯದ್ದೇ ಯೋಚನೆ ಮಾಡುತ್ತ ಹೊಸ್ತಿಲು ದಾಟಿ, ಕೂತವರ ಮಧ್ಯೆ ದಾರಿ ಮಾಡಿಕೊಂಡು ಹೋಗಿ, ಬಗ್ಗಿ ಬೀಗತಿಯ ಮುಂದೆ ಹಿಡಿದೆ. ಅವರು ಕಪ್ಪು ತೆಗೆದುಕೊಳ್ಳದೆ ತಾಟನ್ನೇ ನೋಡಿದರು. ಸಕ್ಕರೆ ಇಲ್ಲವೆಂದು ನೋಡಿಯೇ ಗೊತ್ತಾಯಿತೇ ಎಂದು ನನ್ನ ಜೀವ ಬಾಯಿಗೆ ಬಂತು.

“ರೂಪಾನ ಬಟ್ಟಿ ಚೀಲ ಬಸ್ ಸ್ಟ್ಯಾಂಡಿನಾಗ ಅದ,” ಎಂದರು. “ನಿಮ್ಮ ಅಳಿಯ ಶರಣಕುಮಾರ ಅಕಿನ್ನ ಆಟೋದಾಗ ಕೂಡಿಸಿಕೊಂಡು ಕುಂತಾನ. ಬರ್ರಿ ಅಂತ ಫೋನ್ ಮಾಡ್ತೀನಿ.”

ಮಗಳು ಆಟೋ ಇಳಿದಾಗ ಅತ್ತುಬಿಟ್ಟೆ. ಬೀಗತಿ ಯಾಕೆ ಒಪ್ಪಿದರೋ, ನಾನು ಕೇಳಲಿಲ್ಲ. ಕೇಳಿ ಅವರು ಮತ್ತೆ ಯೋಚಿಸುವುದು ಬೇಡ. ಸಕ್ಕರೆ ಮಾತ್ರ ಹಾಕಿರಲಿಲ್ಲ. ಎಲ್ಲರೂ ಅದು ನನ್ನ ಪಥ್ಯ ಎಂದು ಸುಮ್ಮನೆ ಕುಡಿದರು.

ಹೋಗುವಾಗ ಸುಗಲಾಬಾಯಿ ಹಿಂದೆ ಉಳಿದು, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಮೆತ್ತಗೆ ಕೇಳಿದರು, “ಆ ಡಾಕ್ಟರ್ ಬಾಯಿ ಸೋಮವಾರನೂ ಇರ್ತಾರೇನ್ರಿ?”

ಅಕ್ಟೋಬರ್ 29, ಬುಧವಾರ

ಹೆಣ್ಣು ಕೂಸು. ಇಬ್ಬರೂ ಆರಾಮ. ಇಷ್ಟೇ ಬರೆಯುತ್ತೇನೆ, ದೃಷ್ಟಿ ಆಗಬಾರದು.

ನವೆಂಬರ್ 9, ಭಾನುವಾರ

ಇವತ್ತು ಕೂಸಿಗೆ ನನ್ನ ಕಾಲ ಮೇಲೆ ಮೊದಲ ನೀರು. ದವಾಖಾನೆಯವರು ಹೊಕ್ಕುಳ ಉದುರುವ ತನಕ ಒರೆಸಿರಿ ಎಂದಿದ್ದರು, ಒರೆಸುತ್ತಿದ್ದೆವು. ನಿನ್ನೆ ಉದುರಿತು. ಬೀಗತಿ ನಿನ್ನೆ ಸಂಜೆಯೇ ಬಂದು ಕೂತಿದ್ದಾರೆ.

ಬೆಳಿಗ್ಗೆಯಿಂದ ನನಗೆ ನೂರು ಚಿಂತೆ. ಬಚ್ಚಲಲ್ಲಿ ಗಾಳಿ ಬರುತ್ತದೆ. ಎಣ್ಣೆ ಹೊಸದೋ ಹಳೆಯದೋ. ನೆತ್ತಿ ಎಷ್ಟು ಮೆತ್ತಗಿದೆ, ಬೆರಳು ತಾಗಿಸಲೂ ಭಯ. ಕಿವಿಗೆ ನೀರು ಹೋದರೆ? ಕೂಸು ಸೀನಿದರೆ ನೆಗಡಿಯೋ ಸುಮ್ಮನೆಯೋ? ಟವೆಲ್ ಒಲೆಯ ಹತ್ತಿರ ಕಾಯಿಸಿಡಲು ಹೇಳಿದ್ದೆ. ಮನೆಯವರು ಕಾಯಿಸಲು ಹೋಗಿ ಒಂದು ಮೂಲೆ ಸುಟ್ಟರು. ಅಂಗಡಿಗೆ ಗಿರಾಕಿ ಬಂದಿದ್ದಾರೆಂದು ತಪ್ಪಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ.

ಈಗ ಕೂಸಿಗೆ ಎಣ್ಣೆ ಹಚ್ಚಿ ಆಗಿದೆ. ನೀರು ಕಾಯುವ ತನಕ ಹೊಸ್ತಿಲ ಹತ್ತಿರ ಮಣೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗುತ್ತಿದೆ. ಒಂದೇ ಕೈಯಲ್ಲಿ ಬರೆದರೆ ಡೈರಿ ಸರಿಯುತ್ತದೆ, ಹಿಡಿಯಲು ಇನ್ನೊಂದು ಕೈ ಖಾಲಿ ಇಲ್ಲ. ಎಡ ಅಂಗೈ ಮೇಲೆ ಕೂಸಿನ ತಲೆ ಇದೆ. ಎಣ್ಣೆ ಹಚ್ಚಿದ್ದಕ್ಕೋ ಏನೋ ನಿದ್ದೆ ಹತ್ತಿದೆ, ರೆಪ್ಪೆಯೂ ಮಿಸುಕುತ್ತಿಲ್ಲ. ರೂಪಾಲಿ ಅತ್ತೆಯ ಮೊಳಕೈ ತಿವಿದು ನನ್ನ ಕಡೆ ತೋರಿಸಿದಳು. ಇಬ್ಬರೂ ನಕ್ಕರು. ನನ್ನ ಮುಖಕ್ಕೆ ಎಣ್ಣೆ ಹತ್ತಿರಬೇಕು. ಆಮೇಲೆ ನೋಡಿಕೊಳ್ಳುತ್ತೇನೆ.

ನೀರು ಆಯ್ತು ತಗೊಂಡ್ ಬಾ ಎಂದು ಮನೆಯವರು ಬಚ್ಚಲಿಂದ ಕೂಗುತ್ತಿದ್ದಾರೆ. ಆಗಲೇ ಎರಡು ಸಲ ನೋಡೀನಿ, ಬೆಚ್ಚಗದ ಅನ್ನುತ್ತಾರೆ. ಅಂಗಡಿಯವರ ಕೈ, ಅವರಿಗೆ ಎಲ್ಲವೂ ಬೆಚ್ಚಗೆ.

“ರೀ, ಬೆರಳಲ್ಲ. ಇನ್ನೊಮ್ಮಿ ಮೊಳಕೈ ಅದ್ದಿ ನೋಡ್ರಿ.”